ಹಿಕ್ಕೆಗೆ ಹೆಪ್ಪು

2025ರ ಜನವರಿ 9, ಗುರುವಾರ, ಬೆಳಿಗ್ಗೆ 6 ಗಂಟೆ 50 ನಿಮಿಷಕ್ಕೆ ದಿಂಡಿಗದಹಟ್ಟಿಯ ಕಲ್ಲೇಶಪ್ಪ, ಅದೇ ಊರಿನ ತಿಪ್ಪಮ್ಮನ ಹೊಲದ ಬಾರೆ ಪೊದೆಯೊಳಗೆ ಮಂಡಿಯೂರಿ ಕೂತು, ನೆಲದ ಮೇಲಿನ ಹಿಕ್ಕೆಯನ್ನು ಸ್ಟೀಲ್ ಡಬ್ಬಿಗೆ ತುಂಬಿಕೊಳ್ಳುತ್ತಿದ್ದಾಗ ಸಿಕ್ಕಿಬಿದ್ದ. ಎಂಟು ಎಕರೆಯ ಒಡೆಯ, ಹಾಲಿನ ಡೇರಿಯ ಮಾಜಿ ಅಧ್ಯಕ್ಷ, ಊರಿನ ನ್ಯಾಯ ಪಂಚಾಯಿತಿಗಳಲ್ಲಿ ಮೊದಲು ಮಾತಾಡುವವನು. ಪೊದೆಯಿಂದ ಹಿಂದೆ ಹಿಂದೆ ತೆವಳುತ್ತ ಹೊರಬಂದಾಗ ಅವನ ಪೇಟದಲ್ಲಿ ಮೂರು ಮುಳ್ಳು ಕಚ್ಚಿಕೊಂಡಿದ್ದವು. ತಿಪ್ಪಮ್ಮ ಕುಡುಗೋಲು ಹಿಡಿದು ನಿಂತಿದ್ದಳು.

"ಏನು ಕಲ್ಲೇಶಣ್ಣ, ನಿಮ್ಮನೇಲಿ ಮೇಕೆ ಮಲಬದ್ಧತೆ ಹಿಡಿದು ಕುಂತಾವಾ?" ಎಂದಳು.

ಹೀಗೊಬ್ಬ ಹಿರಿಯ ಹಿಕ್ಕೆ ಕದಿಯುವ ಮಟ್ಟಕ್ಕೆ ಇಳಿಯಲು ಕಾರಣ ಸರ್ಕಾರದ ಒಂದು ಒಳ್ಳೆಯ ಯೋಜನೆ. ಜಗಳೂರು ತಾಲ್ಲೂಕಿನ ಕುರುಚಲು ಕಾಡಿನಲ್ಲಿ ಕೊಂಡುಕುರಿ ಎಂಬ ಪ್ರಾಣಿ ಇದೆ. ಮೇಕೆಗಿಂತ ತುಸು ದೊಡ್ಡದು, ಗಂಡಿಗೆ ನಾಲ್ಕು ಕೊಂಬು, ಸ್ವಭಾವ ಅತಿ ಸಂಕೋಚದ್ದು. ಕಾಡಿನ ಅಂಚಿನ ರೈತರು ಹೊಲದ ಒಂದು ಭಾಗವನ್ನು ಉಳದೆ, ಪೊದೆ ಕಡಿಯದೆ ಬಿಟ್ಟರೆ, ಮತ್ತು ಅಲ್ಲಿಗೆ ಕೊಂಡುಕುರಿ ಬರುತ್ತದೆಂದು ರುಜುವಾದರೆ, ಎಕರೆಗೆ ಇಷ್ಟೆಂದು ಪ್ರತಿ ವರ್ಷ ಪ್ರೋತ್ಸಾಹಧನ. ಪ್ರಾಣಿಯನ್ನೇ ತೋರಿಸಿ ಎಂದರೆ ಯಾರಿಂದಲೂ ಆಗದು. ಕಾಡಿನ ಪಕ್ಕದಲ್ಲೇ ಹುಟ್ಟಿ ಮುದುಕರಾದವರೂ ಅದನ್ನು ಹತ್ತು ಸಲಕ್ಕಿಂತ ಹೆಚ್ಚು ಕಂಡಿಲ್ಲ. ಆದರೆ ಅದಕ್ಕೊಂದು ಅಭ್ಯಾಸವಿದೆ. ದಿನವೂ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ, ಅಲ್ಲಿ ಗುಡ್ಡೆ ಬೆಳೆಯುತ್ತದೆ. ಯೋಜನೆ ಮಾಡಿದವರು ಇದನ್ನು ಓದಿಕೊಂಡಿದ್ದರು. ಗುಡ್ಡೆ ಇದ್ದರೆ ಕೊಂಡುಕುರಿ ಇದೆ ಎಂದು ನಿಯಮ ಬರೆದರು. ಅದರಲ್ಲಿ ವಿಜ್ಞಾನದ ತಪ್ಪು ಒಂದೂ ಇರಲಿಲ್ಲ. ಕೊಂಡುಕುರಿಯನ್ನು ಹೊತ್ತೊಯ್ಯಲಾಗದು, ಗುಡ್ಡೆಯನ್ನು ಹೊತ್ತೊಯ್ಯಬಹುದು ಎಂಬುದಷ್ಟೇ ಯಾರಿಗೂ ಹೊಳೆದಿರಲಿಲ್ಲ.

ದಿಂಡಿಗದಹಟ್ಟಿ ಸೊಕ್ಕೆ ಹೋಬಳಿ ಕೇಂದ್ರದಿಂದ ಒಳಗೆ, ಕಾಡಿಗೆ ಬೆನ್ನು ಕೊಟ್ಟು ಕೂತ ಊರು. ಯೋಜನೆಗೆ ಊರಿನಿಂದ ಮೂವತ್ತೊಂದು ಹೆಸರು ಹೋದವು. ಎಲ್ಲರೂ ಸಂರಕ್ಷಣೆಗೆ ಭೂಮಿ ಬಿಟ್ಟರು. ಕಲ್ಲೇಶಪ್ಪ ಬಿಟ್ಟ ಎಕರೆಯಲ್ಲಿ ಅವನ ಮುತ್ತಜ್ಜನ ಕಾಲದಿಂದಲೂ ನೇಗಿಲು ಇಳಿದಿರಲಿಲ್ಲ, ಏಕೆಂದರೆ ಅದು ಬರೀ ಬಂಡೆ. ಮಿಕ್ಕವರ ತ್ಯಾಗವೂ ಹೆಚ್ಚುಕಡಿಮೆ ಅದೇ ಜಾತಿಯದು. ನಿಜವಾದ ಪೊದೆ ಇದ್ದದ್ದು, ನಿಜವಾದ ಗುಡ್ಡೆ ಇದ್ದದ್ದು ತಿಪ್ಪಮ್ಮನ ಒಂದು ಎಕರೆಯಲ್ಲಿ ಮಾತ್ರ.

ತಿಪ್ಪಮ್ಮನಿಗೆ ಆ ಎಕರೆಯ ಮೇಲೆ ಇದ್ದ ಆಸೆಗೆ ಕಾರಣ ಕೊಂಡುಕುರಿಯಲ್ಲ. ಗಂಡ ತೀರಿಕೊಂಡ ಮೇಲೆ ಮೂರು ಎಕರೆಯನ್ನು ಮೈದುನ ಸಿದ್ದು ಕೋರಿಗೆ, ಅಂದರೆ ಬೆಳೆಯ ಪಾಲಿಗೆ, ಮಾಡುತ್ತಿದ್ದ. ಏನು ಬಿತ್ತಬೇಕು, ಯಾರಿಗೆ ಮಾರಬೇಕು, ಎಲ್ಲ ಅವನ ಮಾತು. ಪೊದೆ ತುಂಬಿದ ಈ ಒಂದು ಎಕರೆಯಲ್ಲಿ ಮಾತ್ರ ಅವಳ ಮಾತು ನಡೆಯುತ್ತಿತ್ತು. ಬಾರೆ ಹಣ್ಣು, ಸೀತಾಫಲ ಕೊಯ್ದು ಜಗಳೂರು ಸಂತೆಗೆ ಒಯ್ಯುತ್ತಿದ್ದಳು. ಬೀಳು ಬಿದ್ದ ಹೊಲ ಮನೆತನಕ್ಕೆ ಮರ್ಯಾದೆಯಲ್ಲ, ಜೆಸಿಬಿ ಬಿಟ್ಟು ಕಿತ್ತು ಮೆಕ್ಕೆಜೋಳ ಹಾಕೋಣ ಎಂದು ಸಿದ್ದು ಎರಡು ವರ್ಷದಿಂದ ಹಿಂದೆ ಬಿದ್ದಿದ್ದ. ಕೊನೆಗೆ ಹಿರಿಯರ ಎದುರು ಒಪ್ಪಂದವಾಗಿತ್ತು: ಪರಿಶೀಲನೆಯಲ್ಲಿ ಹೊಲ ಪಾಸಾದರೆ ಪೊದೆಯ ಸುದ್ದಿಗೆ ಸಿದ್ದು ಬರಕೂಡದು, ಪಾಸಾಗದಿದ್ದರೆ ಆ ಎಕರೆಯೂ ಅವನ ಕೋರಿಗೆ ಸೇರಬೇಕು. ತಿಪ್ಪಮ್ಮ ಅನುಮಾನವಿಲ್ಲದೆ ಒಪ್ಪಿದ್ದಳು. ಗುಡ್ಡೆ ಅವಳ ಕಣ್ಣೆದುರೇ ಇತ್ತು, ಮೊಳಕೈ ಅಗಲ, ಅಂಗೈ ಎತ್ತರ.

ಸಿಕ್ಕಿಬಿದ್ದ ಕಲ್ಲೇಶಪ್ಪ ಪೇಟದ ಮುಳ್ಳು ಬಿಡಿಸಿಕೊಳ್ಳುತ್ತ ತನ್ನ ವಾದ ಮಂಡಿಸಿದ. ಇದು ಕಳ್ಳತನವಲ್ಲ. ಈ ಪ್ರಾಣಿ ತನ್ನ ವಾಸನೆ ಇರುವ ಕಡೆಗೇ ಬಂದು ಕೂರುತ್ತದೆಂದು ತರಬೇತಿಯಲ್ಲಿ ಅಧಿಕಾರಿಗಳೇ ಹೇಳಿದ್ದಾರೆ. ಹಾಗಾದರೆ ವಾಸನೆಯನ್ನು ತನ್ನ ಹೊಲಕ್ಕೆ ಒಯ್ದರೆ ಪ್ರಾಣಿಯೂ ತನ್ನ ಹೊಲಕ್ಕೆ ಬರಬೇಕು.

"ಒಂದು ಹಿಡಿ ಸಾಕು ತಂಗಿ. ಹೆಪ್ಪು ಅಂತ ತಿಳ್ಕೊ. ಒಂದು ಚಮಚ ಹೆಪ್ಪಿಗೆ ಒಂದು ಪಾತ್ರೆ ಹಾಲು ಮೊಸರಾಗಾಕಿಲ್ವಾ? ಇದೂ ಹಂಗೇಯ."

"ಹಾಲು ಯಾವುದು ಮತ್ತೆ?"

ಕಲ್ಲೇಶಪ್ಪ ಡಬ್ಬಿಯ ಮುಚ್ಚಳ ಒತ್ತಿದ. "ನಮ್ಮ ಮೇಕೆದು," ಎಂದ.

ಪೂರ್ತಿ ಮೂರ್ಖತನದ ಊಹೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ವಾಸನೆಯನ್ನು ಗುರುತಾಗಿ ಬಳಸುವ ಪ್ರಾಣಿಗಳಿವೆ. ಒಂದು ಹಂಗಾಮು ಕಾದು ನೋಡಿದ್ದರೆ ಹೌದೋ ಅಲ್ಲವೋ ತಿಳಿಯುತ್ತಿತ್ತು. ಊರಿಗೆ ಕಾಯುವ ವ್ಯವಧಾನವಿರಲಿಲ್ಲ, ಪರಿಶೀಲನೆ ಫೆಬ್ರವರಿಯಲ್ಲಿತ್ತು. ಮೇಲಾಗಿ ಹೊಲಕ್ಕೆ ಹಿಕ್ಕೆ ತರುವುದು ಇಲ್ಲಿ ಹೊಸ ವಿದ್ಯೆಯಲ್ಲ. ಬೇಸಿಗೆಯಲ್ಲಿ ಕುರಿಮಂದೆಯವರನ್ನು ಕರೆದು, ಕಾಳು ಕೊಟ್ಟು, ರಾತ್ರಿ ಮಂದೆಯನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳುವ ಊರು ಅದು. ಗೊಬ್ಬರ ತಾನಾಗಿ ಬರುವುದಿಲ್ಲ, ತರಿಸಿಕೊಳ್ಳಬೇಕು ಎಂಬುದು ಅಲ್ಲಿನ ಮಕ್ಕಳಿಗೂ ಗೊತ್ತು.

ತಿಪ್ಪಮ್ಮ ಆವತ್ತು ಬೈದು ಕಳಿಸಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅವಳು ಹೇಳಿದ್ದೇ ಬೇರೆ. ಕದಿಯುವುದು ಯಾಕೆ, ಹೆಪ್ಪು ಅಂತ ಬಾಯಿಬಿಟ್ಟು ಕೇಳಿದ್ದರೆ ಇಲ್ಲ ಅನ್ನುತ್ತಿದ್ದೆನೇ ಎಂದಳು. ಎಂಟು ಎಕರೆಯ ಒಡೆಯ ತನ್ನೆದುರು ಡಬ್ಬಿ ಹಿಡಿದು ನಿಂತದ್ದು ಅವಳಿಗೆ ಒಳಗೊಳಗೇ ಹಿತವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ಮಾತು ಊರೆಲ್ಲ ಹರಡಿತು. ದಿಂಡಿಗದಹಟ್ಟಿಯಲ್ಲಿ ಹೆಪ್ಪಿಗೊಂದು ಕಟ್ಟಳೆ ಇದೆ. ಜಗಳವಾಡಿದ ಮನೆಯವರು ಬಂದು ಕೇಳಿದರೂ ಹೆಪ್ಪು ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದ ಮನೆಯ ಹಾಲು ಒಡೆಯುತ್ತದೆ. ದೀಪ ಹಚ್ಚಿದ ಮೇಲೆ ಕೇಳುವಂತಿಲ್ಲ, ಕೊಡುವಂತೆಯೂ ಇಲ್ಲ. ಆದ್ದರಿಂದ ಸಂಜೆಯೊಳಗೇ ಜನ ಬಂದರು. ಲೋಟ ತಂದರು, ಬಟ್ಟಲು ತಂದರು, ಒಬ್ಬ ಶಾಲೆಯ ಮಗನ ಜಾಮಿಟ್ರಿ ಬಾಕ್ಸ್ ತಂದ. ಗಂಡ ಸತ್ತ ಮೇಲೆ ಮದುವೆ ಮನೆಯ ಅರಿಶಿನಕ್ಕೆ ತಿಪ್ಪಮ್ಮನನ್ನು ಕರೆಯದ ಹೆಂಗಸರು ಈಗ ಅವಳ ಕಟ್ಟೆಯ ಮೇಲೆ ಕೂತು, ಚೆನ್ನಾಗಿದ್ದೀಯಾ, ಮೊಣಕಾಲು ನೋವು ಹೆಂಗೈತೆ ಎಂದು ವಿಚಾರಿಸಿದರು. ಕೊಟ್ರಮ್ಮ ಎಂಬಾಕೆ ಬರುವಾಗ ಎರಡು ಹೋಳಿಗೆಯನ್ನೂ ತಂದಿದ್ದಳು. ತಿಪ್ಪಮ್ಮ ಹೋಳಿಗೆ ತಿಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೊದೆಗೆ ನುಗ್ಗಿ, ಹಿಡಿ ಹಿಡಿ ತಂದು ಹಂಚಿದಳು. ನಾಳೆ ಪ್ರಾಣಿ ಮತ್ತೆ ಹಾಕುತ್ತದೆ ಎಂಬುದು ಅವಳ ಲೆಕ್ಕ. ಊರು ತನ್ನಲ್ಲಿಗೆ ಬರುತ್ತಿದೆಯಲ್ಲ ಎಂಬುದು ಲೆಕ್ಕಕ್ಕೆ ಹಿಡಿಯದ ಸಂತೋಷ.

ಅಷ್ಟರಲ್ಲಿ ಯೋಜನೆಯೂ ಬೆಳೆಯಿತು. ಜಗಳೂರಿಗೆ ಮಾತ್ರ ಕೊಂಡುಕುರಿ ಕೊಟ್ಟು ಉಳಿದ ತಾಲ್ಲೂಕುಗಳಿಗೆ ಅನ್ಯಾಯ ಮಾಡಲಾಗಿದೆ ಎಂದು ಸಭೆಯೊಂದರಲ್ಲಿ ಗಲಾಟೆಯಾಗಿ, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಿಗೂ ಅದನ್ನು ವಿಸ್ತರಿಸಲಾಯಿತು. ಈ ವಿಸ್ತರಣೆಯ ವಿಷಯ ಕೊಂಡುಕುರಿಗೆ ತಿಳಿಸುವ ವ್ಯವಸ್ಥೆ ಇರಲಿಲ್ಲ. ಆದರೆ ರೈತರಿಗೆ ತಿಳಿಯಿತು. ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರು ತೋಟದ ಬೇಲಿಯ ಪಕ್ಕ ಅರ್ಧ ಎಕರೆ ಬಿಟ್ಟರು. ಸಾಸ್ವೆಹಳ್ಳಿಯ ಒಬ್ಬರು ಭತ್ತದ ಗದ್ದೆಯ ಮೂಲೆಯಲ್ಲಿ ನಾಲ್ಕು ಲಂಟಾನ ಗಿಡ ನೆಟ್ಟು ನೀರು ಹಾಯಿಸಿದರು. ನ್ಯಾಮತಿಯಿಂದ ಕಲ್ಲೇಶಪ್ಪನ ಬೀಗರು ಕಾರಿನಲ್ಲಿ ಬಂದು, ಹೆಪ್ಪನ್ನು ಟಿಫಿನ್ ಕ್ಯಾರಿಯರಿನ ಮೇಲಿನ ಬಟ್ಟಲಿಗೆ ಹಾಕಿಸಿಕೊಂಡು, ಕೆಳಗಿನ ಎರಡರಲ್ಲಿ ಊಟ ಒಯ್ದರು. ಊರಿನವರು ತಮ್ಮ ಹೆಪ್ಪಿನಿಂದ ಇನ್ನೊಬ್ಬರಿಗೆ ಹೆಪ್ಪು ಕೊಡತೊಡಗಿದರು. ಹದಿನೈದು ದಿನದಲ್ಲಿ ತಿಪ್ಪಮ್ಮನ ಪೊದೆಯ ಹಿಕ್ಕೆ ನಾಲ್ಕು ತಾಲ್ಲೂಕು ಸುತ್ತಿತು. ಅದನ್ನು ಹಾಕಿದ ಪ್ರಾಣಿ ತನ್ನ ಜೀವಮಾನದಲ್ಲಿ ಅಷ್ಟು ದೂರ ಹೋಗಿರಲಾರದು.

ಪೊದೆಯೊಳಗೆ ದಿನವೂ ಜನ ನುಗ್ಗಿದ ಮೇಲೆ ಕೊಂಡುಕುರಿ ಬರುವುದು ಕಡಿಮೆಯಾಯಿತು. ಮೊದಲು ಎರಡು ದಿನಕ್ಕೊಮ್ಮೆ, ಆಮೇಲೆ ವಾರಕ್ಕೊಮ್ಮೆ. ಕೇಳುವವರು ಕಡಿಮೆಯಾಗಲಿಲ್ಲ. ಫೆಬ್ರವರಿ ಮೂರನೇ ವಾರ ಕೊನೆಯ ಹಿಡಿಯನ್ನು ಕೊಟ್ಟಾಗ ತಿಪ್ಪಮ್ಮನಿಗೆ ಮೊದಲ ಸಲ ಹೆದರಿಕೆಯಾಯಿತು. ತನಗೇ ಹೆಪ್ಪು ಉಳಿಸಿಕೊಂಡಿರಲಿಲ್ಲ. ಕೇಳಲು ಹೋದರೆ ಯಾರೂ ಇಲ್ಲ ಎನ್ನುವಂತಿರಲಿಲ್ಲ, ನಿಜ. ಆದರೆ ಊರಿಗೆಲ್ಲ ಕೊಟ್ಟವಳು ಲೋಟ ಹಿಡಿದು ಊರಿನ ಬಾಗಿಲಿಗೆ ಹೋಗುವುದು ಅವಳಿಂದಾಗಲಿಲ್ಲ. ನಿಜವಾದ ಪೊದೆ ತನ್ನದು, ಬರುವವರು ಓದಿದವರು, ಅವರಿಗೆ ಗೊತ್ತಾಗುತ್ತದೆ ಎಂದುಕೊಂಡಳು.

ಫೆಬ್ರವರಿ 25ಕ್ಕೆ ಪರಿಶೀಲನೆಗೆ ಬಂದವಳು ರೂಪಶ್ರೀ. ತ್ಯಾವಣಿಗೆಯವಳು, ಪ್ರಾಣಿಶಾಸ್ತ್ರದಲ್ಲಿ ಎಂಎಸ್ಸಿ, ಇಲಾಖೆಯಲ್ಲಿ ಹನ್ನೊಂದು ತಿಂಗಳ ಗುತ್ತಿಗೆಯ ಕೆಲಸ. ಚೀಲದಲ್ಲಿ ವರ್ನಿಯರ್ ಕ್ಯಾಲಿಪರ್, ಉಕ್ಕಿನ ಸ್ಕೇಲು, ಇಕ್ಕುಳ. ನಿಯಮ ಸರಳವಾಗಿತ್ತು: ಗುಡ್ಡೆಯ ಮೇಲ್ಭಾಗದಿಂದ ಹತ್ತು ಹಿಕ್ಕೆ ತೆಗೆದು ಉದ್ದ, ದಪ್ಪ ಅಳೆದು, ಆಕಾರ ನೋಡಿ, ಹತ್ತೂ ಕೊಂಡುಕುರಿಯದಾದರೆ ಪಾಸು. ಹೊಸದು ಮೇಲಿರುತ್ತದೆ, ಹಾಗಾಗಿ ಮೇಲ್ಭಾಗ. ಇದರಲ್ಲೂ ತಪ್ಪಿಲ್ಲ.

ಕಲ್ಲೇಶಪ್ಪನ ಬಂಡೆಯ ಮೇಲೆ ಗುಡ್ಡೆ ಗೋಪುರದಂತೆ ನಿಂತಿತ್ತು. ಮೇಲಿನ ಹತ್ತೂ ಸರಿ ಇದ್ದವು. ರೂಪಶ್ರೀ ಇಕ್ಕುಳದಿಂದ ಕೆಳಗೆ ಕೆದಕಿದಾಗ ಮೇಕೆ ಕೊಟ್ಟಿಗೆಯ ಘಾಟು ಮೂಗಿಗೆ ಬಡಿಯಿತು. ಮುಂದಿನ ಹೊಲದಲ್ಲೂ ಅದೇ, ಅದರ ಮುಂದಿನದರಲ್ಲೂ ಅದೇ. ಕೊಟ್ರಮ್ಮನ ಗುಡ್ಡೆಯೊಳಗೆ ಒಂದು ಗೆಜ್ಜೆ ಸಿಕ್ಕಿತು.

"ಕೊಂಡುಕುರಿಗೆ ಗೆಜ್ಜೆ ಯಾರು ಕಟ್ಟಿದ್ರು?" ಎಂದು ರೂಪಶ್ರೀ ಕೇಳಿದಳು.

"ಯಾರ ಮನೆ ಮಗಳೋ ಏನೋ ಮೇಡಂ. ನಾವು ಕೇಳಾಕೆ ಹೋಗಿಲ್ಲ," ಎಂದಳು ಕೊಟ್ರಮ್ಮ.

ರೂಪಶ್ರೀ ದೂರ ಹೋಗಿ ಯೋಜನಾಧಿಕಾರಿ ವಿನಯ್ ಕುಮಾರ್ ಅವರಿಗೆ ಫೋನ್ ಮಾಡಿದಳು. ಕೆಳಗಿನದೆಲ್ಲ ಮೇಕೆಯದು ಎಂದಳು. ಅವರು ತಾಳ್ಮೆಯಿಂದ ಕೇಳಿಸಿಕೊಂಡು, ನಿಯಮದಲ್ಲಿ ಕೆಳಗಿನದರ ಪ್ರಸ್ತಾಪವೇ ಇಲ್ಲವಲ್ಲ ಎಂದರು. ಮೇಕೆ ಬಂದು ಕೊಂಡುಕುರಿಯ ಗುಡ್ಡೆಯ ಮೇಲೆ ಹಾಕಿದ್ದರೆ ಅದು ಆಕ್ಷೇಪಾರ್ಹ. ಕೊಂಡುಕುರಿಯೇ ಬಂದು ಮೇಕೆಯ ಗುಡ್ಡೆಯ ಮೇಲೆ ಹಾಕಿದ್ದರೆ ಅದು ವನ್ಯಜೀವಿಯ ಸ್ವಾತಂತ್ರ್ಯ. ಯಾರಾದರೂ ತಂದು ಸುರಿದದ್ದನ್ನು ನೀವು ಕಣ್ಣಾರೆ ಕಂಡಿರಾ ಎಂದು ಕೇಳಿದರು. ಕಂಡಿಲ್ಲ ಎಂದಳು. ಹಾಗಾದರೆ ಊಹೆಯನ್ನು ವರದಿಗೆ ಸೇರಿಸಬೇಡಿ, ನೀವು ವಿಜ್ಞಾನ ಓದಿದವರು ಎಂದರು. ಈ ಕೊನೆಯ ಮಾತು ಅವಳಿಗೆ ತಾಗಿತು. ಕಾಣದ್ದನ್ನು ಬರೆಯಬಾರದು ಎಂದು ಅವಳೂ ನಂಬಿದ್ದಳು. ಮೂವತ್ತು ಹೊಲ ಪಾಸಾದವು.

ಕೊನೆಗೆ ತಿಪ್ಪಮ್ಮನ ಹೊಲ. ಊರಿನ ಅರ್ಧ ಜನ ಹಿಂದೆ ಬಂದಿದ್ದರು. ಸಿದ್ದು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಪೊದೆಯೊಳಗೆ ಬಗ್ಗಿ ಹೋದ ರೂಪಶ್ರೀ ಬಹಳ ಹೊತ್ತು ಹೊರಗೆ ಬರಲಿಲ್ಲ. ಹುಲ್ಲು ಬೆಳೆಯದ ದುಂಡನೆಯ ನೆಲ, ವರ್ಷಗಟ್ಟಲೆ ಗುಡ್ಡೆ ಇದ್ದು ಕಪ್ಪಾದ ಮಣ್ಣು. ಸಣ್ಣ ಗೊರಸಿನ ಗುರುತು. ತೊಡೆಯೆತ್ತರದಲ್ಲಿ ಚಿಗುರು ಕಚ್ಚಿದ ರೆಂಬೆಗಳು. ಮುಳ್ಳಿಗೆ ಸಿಕ್ಕ ಕಂದು ಕೂದಲು. ಅಂದು ಬೆಳಗಿನಿಂದ ಅವಳು ನೋಡಿದ ಹೊಲಗಳಲ್ಲಿ ಪ್ರಾಣಿಯೊಂದು ಓಡಾಡಿದ ಸ್ಥಳ ಇದೊಂದೇ. ನೆಲದ ನಡುವೆ ಹಿಂದಿನ ರಾತ್ರಿಯ ಹೊಸ ಹಿಕ್ಕೆ ಹೊಳೆಯುತ್ತಿತ್ತು. ಅಳೆದಳು. ಎಲ್ಲವೂ ಸರಿ. ಎಣಿಸಿದಳು. ಏಳು.

ಹೊರಗೆ ಬಂದು, ಹತ್ತು ಬೇಕಿತ್ತು, ಏಳು ಇವೆ ಎಂದಳು.

ಕಲ್ಲೇಶಪ್ಪ ಸರಸರನೆ ತನ್ನ ಹೊಲದ ಕಡೆ ನಡೆದ. ವಾಪಸು ಬಂದಾಗ ಅವನ ಅಂಗೈಯಲ್ಲಿ ಮುತ್ತುಗದ ಎಲೆ, ಎಲೆಯಲ್ಲಿ ಮೂರು ಹಿಕ್ಕೆ. ಅವನ ಮುಖದಲ್ಲಿ ಕಪಟವಿರಲಿಲ್ಲ. ಪಡೆದದ್ದನ್ನು ಹಿಂದಿರುಗಿಸುವ ದೊಡ್ಡತನವಿತ್ತು.

"ಇವು ಇಲ್ಲಿಯವೇ ಮೇಡಂ. ದೇವರಾಣೆಗೂ ಇಲ್ಲಿಂದ್ಲೇ ನಾನು ಒಯ್ದಿದ್ದು. ಕೂಡಿಸ್ಕೊಳ್ರಿ, ಹತ್ತಾತು."

"ಅಂದ್ರೆ ನಿಮ್ಮ ಗುಡ್ಡೆ?"

"ಅದು ಪಾಸಾಗೈತಲ್ರಿ. ಆಗಿದ್ದಕ್ಕೆ ಯಾಕೆ ಕೈ ಹಾಕ್ತೀರಿ."

ರೂಪಶ್ರೀ ಮತ್ತೆ ಫೋನ್ ಮಾಡಿದಳು. ಈ ಸಲ ವಿನಯ್ ಕುಮಾರ್ ಬೇಗ ತೀರ್ಮಾನ ಕೊಟ್ಟರು. "ನಿಮ್ಮ ಎದುರಿಗೇ ತಂದಿದ್ದಾರೆ ಅಂದ ಮೇಲೆ ಹೇಗೆ ಪಾಸ್ ಮಾಡ್ತೀರಿ, ರೂಪಶ್ರೀ ಅವರೇ? ಅದು ಅಕ್ರಮ ಆಗುತ್ತೆ."

ಅವಳಿಗೂ ಹಾಗೆಯೇ ಅನ್ನಿಸಿತ್ತು. ಮೂವತ್ತು ಸುಳ್ಳುಗಳು ಅವಳು ಬರುವ ಮೊದಲೇ ನಡೆದುಹೋಗಿದ್ದವು. ಈ ಮೂರು ನಿಜವಾದ ಹಿಕ್ಕೆಗಳು ಅವಳ ಕಣ್ಣೆದುರು ನಡೆದುಬಂದಿದ್ದವು. ತಿಪ್ಪಮ್ಮ ಮುಂದೆ ಬಂದು ನಿಂತಳು.

"ಮೇಡಮ್ಮ, ಆ ಏಳು ಹಾಕಿದ್ದು ಕೊಂಡುಕುರಿನೋ ಅಲ್ಲೋ?"

"ಕೊಂಡುಕುರಿನೇ."

"ಅದು ನನ್ನ ಹೊಲಕ್ಕೆ ಬರ್ತೈತೋ ಇಲ್ಲೋ?"

"ಬರುತ್ತೆ."

"ಬರ್ಕೊಳ್ರಿ ಮತ್ತೆ."

"ಹತ್ತು ಇರಬೇಕಮ್ಮ. ನನ್ನ ಕೈಲಿಲ್ಲ."

"ಅದಕ್ಕೆ ಎಣಿಸಾಕೆ ಬರಾಕಿಲ್ಲವ್ವ," ಎಂದಳು ತಿಪ್ಪಮ್ಮ. "ಎಣಿಸಾಕೆ ಬರೋರು ನೀವು. ನೀವಾರ ಕಣ್ಣು ಬಿಟ್ಟು ನೋಡಬೇಕಿತ್ತು."

ರೂಪಶ್ರೀ ತಲೆ ತಗ್ಗಿಸಿ ಅನರ್ಹ ಎಂದು ಬರೆದಳು. ಬದುವಿನ ಮೇಲಿಂದ ಸಿದ್ದು ಎದ್ದು ಪಂಚೆ ಕೊಡವಿಕೊಂಡ. "ಮಾತು ಮಾತೇ ಅತ್ತಿಗೆ," ಎಂದಷ್ಟೇ ಹೇಳಿ ಜೆಸಿಬಿಯವನಿಗೆ ಫೋನ್ ಹಚ್ಚುತ್ತ ಹೋದ. ಜನ ಚದುರಿದರು. ಕಲ್ಲೇಶಪ್ಪ ಎಲೆಯಲ್ಲಿದ್ದ ಮೂರನ್ನು ಎಸೆಯಲು ಮನಸ್ಸಾಗದೆ ಜೇಬಿಗೆ ಹಾಕಿಕೊಂಡ.

ಮಾರ್ಚಿನಲ್ಲಿ ವರದಿ ಬಂತು. ನಾಲ್ಕು ತಾಲ್ಲೂಕುಗಳ ಗುಡ್ಡೆಗಳನ್ನು ಸೂತ್ರಕ್ಕೆ ಹಾಕಿ ಲೆಕ್ಕ ತೆಗೆದಾಗ ಯೋಜನೆಯ ಭೂಮಿಯಲ್ಲಿ ಚದರ ಕಿಲೋಮೀಟರಿಗೆ ನಲವತ್ತೆರಡು ಕೊಂಡುಕುರಿ ಎಂದಾಯಿತು. ಒಳ್ಳೆಯ ಕಾಡುಗಳಲ್ಲೂ ಒಂದೋ ಎರಡೋ ಸಿಕ್ಕರೆ ಹೆಚ್ಚು. ಅತಿ ಹೆಚ್ಚು ಸಾಂದ್ರತೆ ಸಾಸ್ವೆಹಳ್ಳಿಯ ಭತ್ತದ ಗದ್ದೆಯ ಮೂಲೆಯಲ್ಲಿತ್ತು. ಸೂತ್ರ ಸರಿಯಾಗಿತ್ತೆಂದು ರೂಪಶ್ರೀ ಎರಡು ಸಲ ಪರಿಶೀಲಿಸಿದಳು. ದಾವಣಗೆರೆಯಲ್ಲಿ ಸಮಾರಂಭವಾಗಿ ಕಲ್ಲೇಶಪ್ಪನಿಗೆ ಶಾಲು ಹೊದಿಸಿದರು. ತರಬೇತಿಯಲ್ಲಿ ಕಲಿತದ್ದನ್ನು ಹೊಲದಲ್ಲಿ ಮಾಡಿ ತೋರಿಸಿದ್ದೇನೆ ಎಂದು ಅವನು ಭಾಷಣ ಮಾಡಿದ. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅವನ ಬಂಡೆಯ ಪಕ್ಕ, ಕೊಂಡುಕುರಿಗಳ ತಾಣ, ಸದ್ದು ಮಾಡಬೇಡಿ ಎಂಬ ಫಲಕ ಎದ್ದಿತು. ಫಲಕದ ನೆರಳಿನಲ್ಲಿ ಅವನ ಮೇಕೆಗಳು ಮಲಗುತ್ತವೆ.

ಏಪ್ರಿಲ್ ಎರಡನೇ ವಾರ ಅನರ್ಹ ಹೊಲಗಳ ಸ್ಥಿತಿ ನೋಡಿ ಬರಲು ರೂಪಶ್ರೀಯನ್ನು ಕಳಿಸಿದರು. ಊರಿನಲ್ಲಿ ಅಂಥದ್ದು ಒಂದೇ ಇತ್ತು. ಬಾರೆ, ಸೀತಾಫಲದ ಬುಡಗಳನ್ನು ಮೂಲೆಗೆ ತಳ್ಳಿ ಸುಟ್ಟಿದ್ದರು. ಎಕರೆ ಪೂರ್ತಿ ಕೆಂಪಗೆ ತಿರುವಿ ಬಿದ್ದಿತ್ತು. ತಿಪ್ಪಮ್ಮ ಕೂಲಿಯವರ ಜೊತೆ ಬೇರು ಆರಿಸುತ್ತಿದ್ದಳು, ಸಿದ್ದು ಹೇಳಿದ ಸಾಲಿನಲ್ಲಿ. ರೂಪಶ್ರೀಯನ್ನು ಕಂಡು ಎದ್ದು ಬರಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ.

"ಮೊನ್ನೆ ಹೊತ್ತಾರೆ ಬಂದಿತ್ತು," ಎಂದಳು, ಬೇರು ಎಳೆಯುತ್ತಲೇ. "ಆ ಬದುವಿನ ತಾವ ನಿಂತ್ಕೊಂಡು ನೋಡ್ತು. ಎಲ್ಲಿ ಅಂತ ಗೊತ್ತಾಗಲಿಲ್ಲ ಅದಕ್ಕೆ. ಹೋತು."

ಅನರ್ಹ ಹೊಲಗಳಿಗೆ ಇಲಾಖೆ ಕೇಳಿದ್ದು ಒಂದೇ ಅಳತೆ. ರೂಪಶ್ರೀ ಸಾಲಿನ ಅಂಚಿನಲ್ಲಿ ಕೂತು, ಉಕ್ಕಿನ ಸ್ಕೇಲನ್ನು ನೆಟ್ಟಗೆ ಇಳಿಸಿ, ಮಣ್ಣು ಗಟ್ಟಿಯಾಗಿ ತಡೆದ ಕಡೆ ಓದಿದಳು. ಉಳುಮೆಯ ಆಳ 23 ಸೆಂಟಿಮೀಟರ್.